ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ

ಮಾನ್ಯ ಸಂಪಾದಕರೇ,

ನಾನು ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಮಳೆಗಾಲದಲ್ಲಿ ನೀವು ಅಚ್ಚು ಹಾಕುವ ಹವಾಮಾನ ನಕ್ಷೆಯ ಬಣ್ಣಗಳ ಬಗ್ಗೆ ಈ ಪತ್ರ. ನನ್ನ ಮಗನಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಅರೇಬಿಕಾ ಕೊಯ್ಲಿಗೆ ಇಳಿದರೆ ಹಣ್ಣೋ ಕಾಯೋ ಎಂದು ಬೆರಳಲ್ಲಿ ಹಿಸುಕಿ ನೋಡಿಯೇ ಕೀಳಬೇಕು. ಹುಟ್ಟಿನಿಂದ ಬಂದದ್ದು, ಗಂಡುಮಕ್ಕಳಲ್ಲೇ ಹೆಚ್ಚು.

ಅವನಿಗೆ ‘ಡೂಮ್’ ಎಂಬ ಆಟದ ಹುಚ್ಚು. 1993ರದ್ದು, ನಮ್ಮ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. (ಹೊಡೆದಾಟದ ಆಟ ಯಾಕೆ ಎನ್ನುವವರು ಎನ್ನಲಿ, ಹುಡುಗ ಪಿಯುಸಿ ಮುಗಿಸಿದವನು.) ಅದರ ಮೊದಲ ಭಾಗದಲ್ಲಿ ‘ಬ್ಯಾರನ್’ ಎಂಬ ಕೊಂಬಿನ ರಾಕ್ಷಸ ಇದ್ದಾನೆ. 1994ರ ಎರಡನೇ ಭಾಗಕ್ಕೆ ಅದೇ ಚಿತ್ರದ ಬಣ್ಣ ಬದಲಿಸಿ ‘ಹೆಲ್ ನೈಟ್’ ಮಾಡಿದರು. ಬ್ಯಾರನ್ನನ ಮೈ ಕೆಂಪು ಗುಲಾಬಿ, ಹೆಲ್ ನೈಟನದು ಮಣ್ಣಿನ ಬಣ್ಣ. ಬ್ಯಾರನ್ನನ ಕಸುವು (ಸಾಯುವ ಮೊದಲು ತಾಳುವ ಪೆಟ್ಟಿನ ಲೆಕ್ಕ) 1000, ನೈಟ್‌ನದು 500, ಅಂದರೆ ಅರ್ಧಕ್ಕರ್ಧ. ಎದುರಿಗೆ ಬಂದವನು ಯಾರೆಂದು ನಮ್ಮ ಹುಡುಗನಿಗೆ ಗೊತ್ತಾಗುತ್ತಿರಲಿಲ್ಲ. ಇಬ್ಬರ ಕೂಗೂ ಬೇರೆ ಬೇರೆ, ನಿಜ. ಆದರೆ ರಾತ್ರಿ ಹೊತ್ತು ಸೌಂಡ್ ಇಟ್ಟರೆ ಅವರಮ್ಮ ಸುಮ್ಮನಿರಬೇಕಲ್ಲ!

ಬ್ಯಾರನ್ನನ ಬಣ್ಣ ಬದಲಿಸಲು ಇಬ್ಬರೂ ಕೂತೆವು. ಈ ಆಟದಲ್ಲಿ ಇರುವುದೇ 256 ಬಣ್ಣ, ಒಂದೊಂದಕ್ಕೂ ಒಂದು ನಂಬರು. ರಾಕ್ಷಸನ ಮೈಗೆ ಬಳಸಿದ ಕೆಂಪು 16ರಿಂದ 47ರವರೆಗೆ, ತಿಳಿಯಿಂದ ಕಡುವಿಗೆ 32 ಮೆಟ್ಟಿಲು. ನೀಲಿಯ ಸಾಲು 192ರಿಂದ 207, ಬರೀ 16. ಕೆಂಪನ್ನು ನೀಲಿಗೆ ಇಳಿಸಿದರೆ ಎರಡೆರಡು ಮೆಟ್ಟಿಲು ಒಂದಾಗಿ ಎದೆಯ ಮಾಂಸಖಂಡದ ನೆರಳು ಸ್ವಲ್ಪ ಅಳಿಸಿಹೋಗುತ್ತದೆ. ಬೂದು ಬಣ್ಣಕ್ಕೆ 32 ಮೆಟ್ಟಿಲೂ ಉಂಟು, ಚಿತ್ರ ಚೆನ್ನಾಗಿಯೇ ಬಂತು, ಆದರೆ ಕಲ್ಲಿನ ಗೋಡೆಯ ಮುಂದೆ ನಿಂತರೆ ಪುಣ್ಯಾತ್ಮ ಕಾಣುವುದೇ ಇಲ್ಲ. ಕೊನೆಗೆ ನೀಲಿಯನ್ನೇ ಇಟ್ಟೆವು. ಅಂದ ಒಂದಿಷ್ಟು ಕೆಟ್ಟಿತು, ಗುರುತು ದೂರದಿಂದಲೇ ಸಿಕ್ಕಿತು. ಮೂಲ ಚಿತ್ರ ಮುಟ್ಟುವ ಅಗತ್ಯವೂ ಬೀಳಲಿಲ್ಲ. ಜಿಝಡ್‌ಡೂಮ್ ಎಂಬ, ಈ ಆಟ ಓಡಿಸುವ ಉಚಿತ ತಂತ್ರಾಂಶದಲ್ಲಿ ಈ ನಂಬರಿಗೆ ಆ ನಂಬರು ಎಂದು ಬೇರೆ ಫೈಲಿನಲ್ಲಿ ನಾಲ್ಕಾರು ಸಾಲು ಬರೆದರೆ ಮುಗಿಯಿತು.

ಆಟದ ಮಾತು ನಿಮಗೇಕೆ ಅಂದರೆ, ಮಳೆಗಾಲದಲ್ಲಿ ನೀವು ಅಚ್ಚು ಹಾಕುವ ಜಿಲ್ಲಾವಾರು ನಕ್ಷೆಯಲ್ಲೂ ಇದೇ ತೊಂದರೆ. ಹವಾಮಾನ ಇಲಾಖೆಯ ರೆಡ್, ಆರೆಂಜ್, ಯೆಲ್ಲೋ, ಗ್ರೀನ್ ಬಣ್ಣ ಬಳಿದು ಬಿಟ್ಟಿರುತ್ತೀರಿ. ಚಿಕ್ಕಮಗಳೂರಿಗೆ ರೆಡ್ಡೋ ಗ್ರೀನೋ ಎಂದು ಮಗ ನನ್ನನ್ನು ಕೇಳುತ್ತಾನೆ. ಚಾರ್ಮಾಡಿ ಘಾಟಿ ಇಳಿಯುವ ಮೊದಲು ತಿಳಿಯಬೇಕಾದ ಸಂಗತಿ ಇದು. ಇಲಾಖೆಯ ಬಣ್ಣ ಹಾಗೇ ಇರಲಿ, ಅದರ ಮೇಲೆ ‘ರೆಡ್’, ‘ಗ್ರೀನ್’ ಎಂದು ಅಕ್ಷರದಲ್ಲಿ ಬರೆಯಿರಿ, ಜಾಗ ಸಾಲದಿದ್ದರೆ ಅಡ್ಡಗೆರೆ, ಚುಕ್ಕಿ ಹಾಕಿ. ಪುಟ ಅಚ್ಚಿಗೆ ಹೋಗುವ ಮೊದಲು ನಕ್ಷೆಯದೊಂದು ಕಪ್ಪು-ಬಿಳುಪು ಜೆರಾಕ್ಸ್ ತೆಗೆದು, ಯಾವ ಜಿಲ್ಲೆಗೆ ಯಾವ ಅಲರ್ಟ್ ಎಂದು ಕಚೇರಿಯಲ್ಲೇ ಯಾರಿಂದಲಾದರೂ ಓದಿಸಿ ನೋಡಿ.

— ಎಸ್ಟೇಟ್ ರೈಟರ್, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ