ಒಂಬತ್ತು ಬಿಳಿ ಕಲ್ಲು

ತೀರ್ಥರೂಪ ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಹೋದ ವಾರ ಫೋನಿನಲ್ಲಿ "ಅದೇ ಗುಡ್ಡವನ್ನು ಸೈಕಲಿನಲ್ಲಿ ಎಷ್ಟು ಸಲ ಹತ್ತುತ್ತೀಯಮ್ಮ?" ಎಂದು ಕೇಳಿದಿರಿ. ಮಂಡಿ ಸವೆದುಹೋಗುತ್ತದೆ ಎಂದು ಅಮ್ಮ ಪಕ್ಕದಿಂದ ಹೇಳಿದ್ದೂ ಕೇಳಿಸಿತು. ಆಗ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಸೆಪ್ಟೆಂಬರಿನಲ್ಲಿ ಕಚೇರಿಯ ಇಬ್ಬರು ಗೆಳತಿಯರ ಜೊತೆ ಫ್ರಾನ್ಸಿನ ಆಲ್ಪ್ಸ್‌ಗೆ ಹೋಗುವುದು ನಿಮಗೆ ಗೊತ್ತು. ಸವಾರಿಯ ಮೊದಲ ದಿನವೇ ಆಲ್ಪ್ ದುಯೆಜ್ ಎಂಬ ಬೆಟ್ಟದ ಏರು. 1952ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಮೊದಲ ಬಾರಿಗೆ ಅಲ್ಲಿಗೆ ಹತ್ತಿದಾಗ ಇಟಲಿಯ ಫೌಸ್ಟೊ ಕೊಪ್ಪಿ ಗೆದ್ದಿದ್ದ. ಸುಮಾರು 14 ಕಿ.ಮೀ. ದಾರಿ, 21 ತಿರುವುಗಳು, ಸರಾಸರಿ 100 ಮೀಟರಿಗೆ 8 ಮೀಟರ್ ಏರು. ತಿರುವುಗಳಿಗೆ ಕೆಳಗಿನಿಂದ 21, 20, 19 ಎಂದು ಇಳಿಯುತ್ತಾ ಹೋಗುವ ಅಂಕೆಗಳಿವೆ. ಬುಡದಿಂದ ತುದಿಗೆ ಸುಮಾರು 1,100 ಮೀಟರ್ ಎತ್ತರ.

ಲಂಡನ್ನಿನ ದಕ್ಷಿಣದಲ್ಲಿ ಅಂಥ ಬೆಟ್ಟ ಎಲ್ಲಿಂದ ತರುವುದು? ನಮಗಿರುವುದು ಸರ್ರೆಯ ಬಾಕ್ಸ್ ಹಿಲ್. ಅಲ್ಲಿನ ಜಿಗ್‌ಜಾಗ್ ರಸ್ತೆ ಸುಮಾರು 2.5 ಕಿ.ಮೀ., ಏರು ಸುಮಾರು 120 ಮೀಟರ್. ಒಂಬತ್ತು ಸಲ ಹತ್ತಿದರೆ ಹೆಚ್ಚುಕಡಿಮೆ ಒಂದು ಆಲ್ಪ್ ದುಯೆಜ್ ಆಗುತ್ತದೆ. 2012ರ ಒಲಿಂಪಿಕ್ಸ್‌ನಲ್ಲಿ ಗಂಡಸರ ಸೈಕಲ್ ರಸ್ತೆ ಸ್ಪರ್ಧೆಯೂ ಇದೇ ಗುಡ್ಡವನ್ನು ಒಂಬತ್ತು ಸಲ ಸುತ್ತಿತ್ತು. ಹೆಂಗಸರಿಗೆ ಕೊಟ್ಟದ್ದು ಎರಡೇ ಸುತ್ತು. ಅದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

ಈ ಗುಡ್ಡವೆಲ್ಲ ಸೀಮೆಸುಣ್ಣದ ಕಲ್ಲು. ಬುಡದಲ್ಲಿ ಒಂಬತ್ತು ಚೂರು ಆರಿಸಿ ಅಂಗಿಯ ಬೆನ್ನಿನ ಎಡಜೇಬಿಗೆ ಹಾಕಿಕೊಳ್ಳುತ್ತೇನೆ. ಪ್ರತಿ ಸಲ ಮೇಲೆ ತಲುಪಿದಾಗ ಒಂದನ್ನು ಬಲಜೇಬಿಗೆ ದಾಟಿಸುತ್ತೇನೆ. ಬೆವರಿಗೆ ಬೆರಳುಗಳೆಲ್ಲ ಬೆಳ್ಳಗಾಗಿ, ಹ್ಯಾಂಡಲಿನ ಕಪ್ಪು ಪಟ್ಟಿಯ ಮೇಲೆ ಅಚ್ಚು ಮೂಡುತ್ತದೆ. ಆಯಾಸವಾದಾಗ ಮನಸ್ಸಿನ ಲೆಕ್ಕ ತಪ್ಪುತ್ತದೆ, ಜೇಬಿನದು ತಪ್ಪುವುದಿಲ್ಲ.

ಜೂನ್‌ನಲ್ಲಿ ಮೊದಲ ಸಲ ಹೋದಾಗ ಹುರುಪಿನಿಂದ ಹನ್ನೊಂದು ನಿಮಿಷಕ್ಕೆ ಮೇಲೆ ಹತ್ತಿಬಿಟ್ಟೆ. ಎರಡನೆಯದೂ ಹಾಗೆಯೇ. ಆರನೆಯ ಸುತ್ತಿನಲ್ಲಿ ಕಾಲು ಕೇಳಲಿಲ್ಲ, ಕೈ ನಡುಗಿತು, ಕಣ್ಣಿಗೆ ಮಂಜು ಕಟ್ಟಿದಂತಾಯಿತು. ರಸ್ತೆ ಬದಿಯ ಹುಲ್ಲಿನಲ್ಲಿ ಕುಳಿತೆ. ಎಡಜೇಬಿನಲ್ಲಿ ಇನ್ನೂ ನಾಲ್ಕು ಕಲ್ಲು. ಎರಡು ಗಂಟೆಯಲ್ಲಿ ಏನನ್ನೂ ತಿಂದಿರಲಿಲ್ಲ. ತಪ್ಪು ಪೂರ್ತಿ ನನ್ನದೇ.

ಆಮೇಲೆ ಕಲಿತದ್ದು ತಡೆದುಕೊಳ್ಳುವುದನ್ನು. ಅಪ್ಪ, ಮೊದಲ ಸುತ್ತಿನಲ್ಲಿ ಬೇರೆಯವರೆಲ್ಲ ನನ್ನನ್ನು ದಾಟಿ ಹೋಗುತ್ತಿರುವಾಗ ಸುಮ್ಮನೆ ತುಳಿಯುವುದು ಕೊನೆಯ ಸುತ್ತಿಗಿಂತ ಕಷ್ಟ. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲಿನ ಗೇರ್ ಹಾಕಿಸಿಕೊಂಡಿದ್ದೇನೆ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಭಾರವನ್ನು ಒತ್ತಿ ತುಳಿಯುವುದಕ್ಕಿಂತ ಹಗುರಾಗಿ ಬೇಗ ಬೇಗ ತುಳಿದರೆ ಮಂಡಿಯ ಮೇಲೆ ಒತ್ತಡ ಕಡಿಮೆ. ಇದನ್ನು ಅಮ್ಮನಿಗೆ ಓದಿ ಹೇಳಿ. ಅರ್ಧ ಗಂಟೆಗೊಮ್ಮೆ ಹಸಿವಿರಲಿ ಬಿಡಲಿ ಏನಾದರೂ ತಿನ್ನುತ್ತೇನೆ. ಹೋದ ಶನಿವಾರ ಒಂಬತ್ತೂ ಏರು ತಲಾ ಹದಿನಾಲ್ಕು ನಿಮಿಷದ ಆಸುಪಾಸಿನಲ್ಲೇ ಬಂದವು. ಆಲ್ಪ್ ದುಯೆಜ್‌ನ ಅತಿ ಕಡಿದಾದ ಭಾಗ ಇರುವುದು ಶುರುವಿನಲ್ಲೇ. ಅಲ್ಲಿ ಹುರುಪು ತೋರಿಸಿದರೆ ಉಳಿದ ದಾರಿಗೆ ಏನೂ ಮಿಗುವುದಿಲ್ಲ.

ಬಾಕ್ಸ್ ಹಿಲ್ ಕಲಿಸಲಾಗದ್ದೂ ಒಂದಿದೆ. ಇಲ್ಲಿ ಪ್ರತಿ ಏರಿನ ನಂತರ ಇಳಿಜಾರಿನಲ್ಲಿ ಕಾಲಿಗೆ ಬಿಡುವು ಸಿಗುತ್ತದೆ, ಅಲ್ಲಿ ಎರಡು ಗಂಟೆಯವರೆಗೂ ಬಿಡುವೇ ಸಿಗುವುದಿಲ್ಲ. ಅದಕ್ಕಾಗಿ ಬುಧವಾರ ಸಂಜೆ ಕೋಣೆಯಲ್ಲೇ ಸೈಕಲನ್ನು ಸ್ಟ್ಯಾಂಡಿಗೆ ಕಟ್ಟಿ, ಒಂದೂವರೆ ಗಂಟೆ ಕಾಲು ನಿಲ್ಲಿಸದೆ ತುಳಿಯುತ್ತೇನೆ. ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ನಿಮಗೆ ನಿಜವಾದ ಭಯ ಇಳಿಯುವುದರ ಬಗ್ಗೆ ಎಂದು ನನಗೆ ಗೊತ್ತು. ಬ್ರೇಕನ್ನು ತಿರುವಿನೊಳಗೆ ಹಿಡಿಯುವುದಿಲ್ಲ, ತಿರುವಿಗೆ ಮುಂಚೆಯೇ ವೇಗ ಇಳಿಸುತ್ತೇನೆ. ಕಣ್ಣು ಚಕ್ರದ ಮುಂದಿರುವುದಿಲ್ಲ, ತಿರುವಿನ ಆಚೆ ಇರುತ್ತದೆ. ಇಲ್ಲಿಯೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ, ಫ್ರಾನ್ಸಿನಲ್ಲಿ ಬಲಬದಿ. ಆದ್ದರಿಂದ ಅಲ್ಲಿ ತಲುಪಿದ ದಿನ ಸಂಜೆ ಸಮತಟ್ಟಾದ ರಸ್ತೆಯಲ್ಲೇ ಅಭ್ಯಾಸ ಮಾಡಿಕೊಳ್ಳುತ್ತೇವೆ. ಮೂರನೆಯ ದಿನ ಗಾಲಿಬಿಯೆ ಕಣಿವೆದಾರಿ, 2,642 ಮೀಟರ್. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಯಷ್ಟು ಚಳಿ ಹೆಚ್ಚುತ್ತದೆ. ಹತ್ತುವಾಗಿನ ಬೆವರು ಇಳಿಯುವಾಗ ಮೈಯನ್ನು ಕೊರೆಯುತ್ತದೆ, ಬೆರಳು ಮರಗಟ್ಟಿದರೆ ಬ್ರೇಕ್ ಹಿಡಿಯಲಾಗುವುದಿಲ್ಲ. ಗಾಳಿ ತಡೆಯುವ ಅಂಗಿ, ಉಣ್ಣೆಯ ಕೈಗವಸು ಎರಡನ್ನೂ ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ. ಮಳೆ ಬಂದರೆ ಆ ದಿನ ಹೊರಡುವುದಿಲ್ಲ ಎಂದು ಮೂವರೂ ಮಾತಾಡಿಕೊಂಡಿದ್ದೇವೆ.

ನಾಳೆ ಮುಂಜಾನೆ, ಕಾರುಗಳು ಬರುವ ಮುಂಚೆ, ಮತ್ತೆ ಗುಡ್ಡಕ್ಕೆ ಹೋಗುತ್ತೇನೆ. ಮುಗಿಸಿ ಬಂದ ಮೇಲೆ ಫೋನ್ ಮಾಡುತ್ತೇನೆ. ನಿಮಗೆ ಆಗ ಮಧ್ಯಾಹ್ನವಾಗಿರುತ್ತದೆ. ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು