ನಮ್ಮ ಕಾವೇರಿ ದಡಕ್ಕೂ ಒಬ್ಬ ವಿಷಲ್ ಮಾಮ ಬೇಕು

ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಶ್ರೀರಂಗಪಟ್ಟಣ ತಾಲ್ಲೂಕಿನವಳು. ಕಾವೇರಿ ನಮ್ಮ ಮನೆಯಿಂದ ಕೂಗಳತೆ ದೂರ. ಯಜಮಾನರು ಕಬ್ಬು ಬೆಳೆಯುತ್ತಾರೆ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳಿಗೆ 9 ವರ್ಷ, ಮಗನಿಗೆ 5. ಮಂಡ್ಯದಿಂದ ಸಚಿವರಿಗೆ ಪತ್ರ ಬಂತು ಅಂದರೆ ನಾಲೆಗೆ ನೀರು ಬಿಡುವ ವಿಷಯ ಇರುತ್ತದೆ, ಇಲ್ಲವೇ ಕಬ್ಬಿನ ಬಾಕಿ. ನಾನು ಬರೆಯುತ್ತಿರುವುದು ಆ ನೀರಿಗೆ ಇಳಿಯುವ ನಮ್ಮ ಮಕ್ಕಳ ಬಗ್ಗೆ.

ನಮ್ಮ ನಾದಿನಿಯನ್ನು ಮಂಗಳೂರಿಗೆ ಕೊಟ್ಟಿದೆ. ದಸರಾ ರಜೆಯಲ್ಲಿ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಅತ್ತೆಗೆ 62 ವರ್ಷ, ಇನ್ನೂ ಕಡಲು ನೋಡಿರಲಿಲ್ಲ. ಮೈಸೂರಿನಿಂದ ರಾತ್ರಿ ಬಸ್ಸು. ಕುಶಾಲನಗರದ ಸೇತುವೆ ಮೇಲೆ ಕಾವೇರಿ ದಾಟುವಾಗ ಮಗಳು ಇನ್ನೂ ಎಚ್ಚರವಾಗಿದ್ದಳು. ‘ಇದು ನಮ್ಮೂರಿನ ಹೊಳೇನಾ? ಇದೂ ನಮ್ಮ ಜೊತೆ ಮಂಗಳೂರಿಗೆ ಬರುತ್ತಾ?’ ಅಂತ ಕೇಳಿದಳು. ಇಲ್ಲ ಕಣೇ, ಕಾವೇರಿ ಆ ಕಡೆ ಪೂರ್ವಕ್ಕೆ ಹೋಗಿ ತಮಿಳುನಾಡಿನಲ್ಲಿ ಕಡಲು ಸೇರುತ್ತದೆ, ಮಂಗಳೂರಿನಲ್ಲಿ ಸೇರುವುದು ನೇತ್ರಾವತಿ, ಫಲ್ಗುಣಿ ಅಂತ ಅವರಪ್ಪ ಹೇಳಿದರು. ಅವಳಿಗೆ ಸ್ವಲ್ಪ ಬೇಜಾರಾಯಿತು.

ಬೆಳಿಗ್ಗೆ ಸುಲ್ತಾನ್ ಬತ್ತೇರಿ ನೋಡಿದೆವು. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ. ನಮ್ಮೂರಿನ ಟಿಪ್ಪು ಇಲ್ಲಿಗೂ ಬಂದಿದ್ದನಾ ಅಂತ ಮಕ್ಕಳಿಗೆ ಖುಷಿಯೋ ಖುಷಿ. ಸಂಜೆ ನಾಲ್ಕರ ಹೊತ್ತಿಗೆ ಪಣಂಬೂರು ಬೀಚಿಗೆ ಹೋದೆವು. ಭಾನುವಾರ, ಜನವೋ ಜನ. ದೂರದಲ್ಲಿ ಬಂದರಿಗೆ ಬರುವ ಹಡಗುಗಳು ನಿಂತಿದ್ದವು. ಅತ್ತೆ ಸೀರೆ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಬೊಗಸೆಯಲ್ಲಿ ನೀರು ತೆಗೆದು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಒಂದು ಹನಿ ನಾಲಿಗೆಗೆ ಹಚ್ಚಿ, ‘ನಿಜವಾಗ್ಲೂ ಉಪ್ಪೇ ಕಣವ್ವಾ’ ಅಂದರು.

ಅಷ್ಟರಲ್ಲಿ ಮಗ ಅಲೆಯ ಹಿಂದೆ ಓಡಿದ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಜೋರಾಗಿ ವಿಷಲ್ ಕೇಳಿಸಿತು. ಜೀವರಕ್ಷಕ ಸಿಬ್ಬಂದಿಯ ಒಬ್ಬ ಹುಡುಗ ಓಡಿ ಬಂದು ಅವನ ಕೈ ಹಿಡಿದುಕೊಂಡ. ಬೈಯಲಿಲ್ಲ. ಮಗನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮರಳಿನ ಮೇಲೆ ಬೆರಳಿನಲ್ಲಿ ಒಂದು ಗೆರೆ ಎಳೆದು, ‘ಇದರಿಂದ ಆಚೆ ಅಮ್ಮ ಇಲ್ಲದೆ ಹೋಗಬಾರದು, ಆಯ್ತಾ?’ ಅಂದ. ಆಮೇಲೆ ನನ್ನ ಕಡೆ ತಿರುಗಿ, ‘ಅಲ್ಲಿ ನೋಡಿ ಅಕ್ಕ, ಅಲೆ ಒಡೆಯದೆ ನೀರು ಸುಮ್ಮನೆ ಇದ್ದ ಹಾಗೆ ಕಾಣ್ತದಲ್ಲ, ಒಳಗೆ ಎಳೆಯುವುದು ಅಲ್ಲೇ ಮಾರಾಯ್ರೆ’ ಅಂದ. ನಾನೂ ಅದೇ ಜಾಗ ಮಕ್ಕಳಿಗೆ ಒಳ್ಳೆಯದು ಅಂದುಕೊಂಡಿದ್ದೆ ಸರ್. ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ವಾಪಸ್ಸು ಹೋಗುವ ದಾರಿ ಅದಂತೆ. ಅದರಲ್ಲಿ ಸಿಕ್ಕಿಕೊಂಡರೆ ದಡದ ಕಡೆಗೆ ನೇರ ಈಜಬಾರದು, ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಇದನ್ನೆಲ್ಲ ಆ ಹುಡುಗ ಎರಡೇ ನಿಮಿಷದಲ್ಲಿ ಹೇಳಿದ. ಇನ್ನೂ ಒಂದು ಮಾತು ಹೇಳಿದ. ಮುಳುಗಿದವರನ್ನು ಎತ್ತಿದ ಮೇಲೆ ನಮ್ಮ ಕಡೆ ಹೊಟ್ಟೆ ಅದುಮಿ ನೀರು ಕಕ್ಕಿಸಲು ಹೋಗುತ್ತಾರಲ್ಲ, ಅದರಲ್ಲಿ ಹೊತ್ತು ಹಾಳಾಗುತ್ತದೆ. ಉಸಿರು ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು.

ಮಗ ಅವನಿಗೆ ವಿಷಲ್ ಮಾಮ ಅಂತ ಹೆಸರಿಟ್ಟ. ಆಮೇಲೆ ಮಕ್ಕಳು ಒಂದು ಗಂಟೆ ನೀರಿನಲ್ಲಿ ಆಡಿದರು. ನಾನು ನೆಮ್ಮದಿಯಾಗಿ ಕೂತು ಚರುಮುರಿ ತಿಂದೆ. ಮಕ್ಕಳು ನೀರಿನಲ್ಲಿದ್ದಾಗ ಹಾಗೆ ಕೂತಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಹೊರಡುವಾಗ ಮೈ ತೊಳೆದುಕೊಳ್ಳಲು ಸಿಹಿ ನೀರು, ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ, ಎರಡೂ ಸಿಕ್ಕವು. ದುಡ್ಡು ತೆಗೆದುಕೊಂಡರು, ಕೊಟ್ಟೆವು.

ಕಡಲು ಸಾಧು ಅಂತ ನಾನು ಹೇಳುತ್ತಿಲ್ಲ. ಕರಾವಳಿಯಲ್ಲೂ ಜನ ಮುಳುಗುತ್ತಾರೆ, ಮಳೆಗಾಲದಲ್ಲಿ ಅಲ್ಲಿ ನೀರಿಗೆ ಇಳಿಯಲು ಬಿಡುವುದೇ ಇಲ್ಲ. ಆದರೆ ನೋಡಿಕೊಳ್ಳಲು ಒಬ್ಬರನ್ನು ಇಟ್ಟಿದ್ದಾರೆ. ನಮ್ಮದೇ ರಾಜ್ಯದ ಪಡುಬಿದ್ರಿ ಮತ್ತು ಕಾಸರಕೋಡು ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಅನ್ನುವ, ಚೊಕ್ಕಟವಾದ ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದಕ್ಕೆ 33 ಷರತ್ತು. ನೀರು ಚೊಕ್ಕಟವಾಗಿರಬೇಕು, ಶೌಚಾಲಯ ಇರಬೇಕು, ಜೀವರಕ್ಷಕರು ಇರಬೇಕು, ಹೀಗೆ. ಅಲ್ಲಿ ಮಾಡಲು ಆಗಿದ್ದು ಕಾವೇರಿ ದಡದಲ್ಲಿ ಯಾಕೆ ಆಗಬಾರದು?

ಇನ್ನು ನಮ್ಮ ಕಡೆಯ ಕಥೆ ಹೇಳುತ್ತೇನೆ. ಕಾರ್ತಿಕ ಮಾಸದಲ್ಲಿ ನೆಂಟರೆಲ್ಲ ಸೇರಿ ಹೊಳೆ ದಡಕ್ಕೆ ಊಟ ಕಟ್ಟಿಕೊಂಡು ಹೋಗಿದ್ದೆವು. ಜಾಗದ ಹೆಸರು ಬೇಡ, ಅಂಥ ಜಾಗ ನಮ್ಮ ಜಿಲ್ಲೆಯಲ್ಲಿ ಹತ್ತಾರಿವೆ. ಬೆಂಗಳೂರು, ಮೈಸೂರಿನಿಂದ ಬಂದ ಕಾರುಗಳು ತುಂಬಿದ್ದವು. ಕಂಬಕ್ಕೆ ಒಂದು ಬೋರ್ಡು ಇತ್ತು, ಬಣ್ಣ ಉದುರಿ ಅಕ್ಷರ ಕಾಣುತ್ತಿರಲಿಲ್ಲ. ಮಗ ಸುತ್ತ ನೋಡಿ, ‘ಅಮ್ಮಾ, ಇಲ್ಲಿ ವಿಷಲ್ ಮಾಮ ಎಲ್ಲಿ?’ ಅಂತ ಕೇಳಿದ. ಇಲ್ಲಿ ಇರಲ್ಲ ಕಂದ, ನಾವೇ ಹುಷಾರಾಗಿರಬೇಕು ಅಂದೆ.

ನಾನು ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದೆ. ಮಗಳು ಆರು ಮಾರು ದೂರದಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಪಾಚಿ ಕಟ್ಟಿದ ಬಂಡೆ, ಕಾಲು ಜಾರಿತು. ಬಂಡೆಯ ಪಕ್ಕದಲ್ಲೇ ಮಡು. ಅವಳು ಕಿರುಚಲಿಲ್ಲ ಸರ್. ಕೈಯೂ ಬೀಸಲಿಲ್ಲ. ಮುಳುಗುವವರು ಕೂಗಿಕೊಳ್ಳುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ, ಬಾಯಿ ನೀರಿನೊಳಗೆ ಇದ್ದಾಗ ಕೂಗುವುದು ಹೇಗೆ? ನಾನು ತಲೆ ಎತ್ತಿದಾಗ ನೀರಿನ ಮೇಲೆ ಅವಳ ಕೂದಲು, ಕೆಂಪು ರಿಬ್ಬನ್ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲೇ ಇದ್ದ ಮೈದುನ ಜಡೆಗೆ ಕೈ ಹಾಕಿ ಎಳೆದುಕೊಂಡ. ಅವನು ಇನ್ನೊಂದು ಕಡೆ ತಿರುಗಿದ್ದಿದ್ದರೆ? ಅದನ್ನು ನೆನೆಸಿಕೊಂಡರೆ ಈಗಲೂ ಹೊಲಿಗೆ ಮಿಷನ್ ಮೇಲೆ ಕೈ ನಡುಗುತ್ತದೆ.

ಒದ್ದೆಯಾಗಿ ನಡುಗುತ್ತಿದ್ದ ಹುಡುಗಿಗೆ ಬಟ್ಟೆ ಬದಲಿಸಲು ಒಂದು ಮರೆ ಇರಲಿಲ್ಲ. ಅತ್ತೆ ಮತ್ತು ಓರಗಿತ್ತಿ ಸೀರೆ ಅಡ್ಡ ಹಿಡಿದು ನಿಂತರು. ನಮ್ಮ ಕಡೆ ಹೆಣ್ಣುಮಕ್ಕಳು ಹೊಳೆಗೆ ಹೋದರೆ ಇಂದಿಗೂ ಇದೇ ಪಾಡು. ಬಹಿರ್ದೆಸೆಗೆ ಅಂತ ಪೊದೆ ಹುಡುಕಿಕೊಂಡು ಹೋಗಬೇಕು, ಅಲ್ಲಿ ಹಾವಿನ ಭಯ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದಿದ್ದರೆ ನಿಮಗೆ ಗೊತ್ತಾಗುವುದು ಹೇಗೆ?

ಯಾರಾದರೂ ಸತ್ತಾಗ ಕೆಲವು ದಿನ ಆ ಜಾಗಕ್ಕೆ ಪ್ರವೇಶ ನಿಷೇಧ ಅಂತ ಹೇಳುವುದನ್ನು ನೋಡುತ್ತಲೇ ಇದ್ದೇವೆ. ಅದರಿಂದ ಆಗುವುದಿಲ್ಲ. ಕಾವೇರಿಯನ್ನು ನಾವು ತಾಯಿ ಅಂತೀವಿ. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುತ್ತಾರೆ, ಸಂಗಮ, ಸ್ನಾನಘಟ್ಟಕ್ಕೆ ಅಮಾವಾಸ್ಯೆ ಸ್ನಾನಕ್ಕೆ ಬರುತ್ತಾರೆ, ಮುತ್ತತ್ತಿಗೆ ಹರಕೆ ತೀರಿಸಲು ಬರುತ್ತಾರೆ, ಬಲಮುರಿ, ಎಡಮುರಿಗೆ ಮಕ್ಕಳನ್ನು ಆಡಿಸಲು ಬರುತ್ತಾರೆ. ಇಷ್ಟು ಜನರನ್ನು ತಡೆಯಲು ಸಾಧ್ಯವಿಲ್ಲ, ತಡೆಯಲೂ ಬಾರದು. ಬರುವವರು ಬರಲಿ, ನೋಡಿಕೊಳ್ಳಲು ಜನ ಇರಲಿ.

ಆ ಜನ ನಮ್ಮಲ್ಲೇ ಇದ್ದಾರೆ ಸರ್. ಹರಿಗೋಲು ಹಾಕುವವರು, ಬಲೆ ಬೀಸುವವರು. ಯಾವ ಬಂಡೆ ಜಾರುತ್ತದೆ, ಎಲ್ಲಿ ಸುಳಿ ಇದೆ, ಮರಳು ತೆಗೆದ ಗುಂಡಿ ಎಲ್ಲಿದೆ, ಕಟ್ಟೆಯಿಂದ ನೀರು ಬಿಟ್ಟರೆ ಎಲ್ಲೆಲ್ಲಿ ಏರುತ್ತದೆ, ಎಲ್ಲ ಅವರಿಗೆ ಗೊತ್ತು. ಕನ್ನಂಬಾಡಿ ಕಟ್ಟೆ ತುಂಬಿ ನೀರು 124.80 ಅಡಿ ಮುಟ್ಟುವ ಹೊತ್ತಿಗೆ ನಾವೆಲ್ಲ ಹೊಳೆಯಿಂದ ದೂರ ಇರುತ್ತೇವೆ, ಹೊರಗಿನಿಂದ ಬಂದವರಿಗೆ ಅದು ಗೊತ್ತಿರುವುದಿಲ್ಲ. ಯಾರಾದರೂ ಮುಳುಗಿದ ಮೇಲೆ ಹೆಣ ಹುಡುಕಲು ಕರೆಯುವುದು ಈ ಜನರನ್ನೇ. ಅವರು ಗಂಟೆಗಟ್ಟಲೆ ಮುಳುಗಿ ಎದ್ದು ಹುಡುಕಿ ಕೊಡುತ್ತಾರೆ. ಮೊದಲೇ ಅವರಿಗೆ ತರಬೇತಿ ಕೊಟ್ಟು, ತಿಂಗಳಿಗೆ ಸರಿಯಾದ ಸಂಬಳ ಕೊಟ್ಟು, ಕೈಗೆ ವಿಷಲ್ ಕೊಟ್ಟು ದಡದಲ್ಲಿ ನಿಲ್ಲಿಸಿ ಅಂತ ಕೇಳುತ್ತಿದ್ದೇನೆ. ವರ್ಷವಿಡೀ ಆಗದಿದ್ದರೆ ಭಾನುವಾರ, ರಜಾ ದಿನ, ಅಮಾವಾಸ್ಯೆ, ಜಾತ್ರೆಗಳಂದು ನಿಲ್ಲಿಸಿ. ನಮ್ಮ ಹುಡುಗರಿಗೆ ಊರಲ್ಲೇ ಒಂದು ಕೆಲಸವೂ ಆಗುತ್ತದೆ.

ಜೊತೆಗೆ ಪ್ರತಿ ದಡದಲ್ಲೂ ಒಂದು ಕಂಬಕ್ಕೆ ಗಾಳಿ ತುಂಬಿದ ಟ್ಯೂಬು, ಉದ್ದನೆಯ ಹಗ್ಗ ಕಟ್ಟಿಡಬಹುದು. ಈಜು ಬಾರದವರೂ ಅದನ್ನು ಎಸೆಯಬಲ್ಲರು. ಮಕ್ಕಳು ಆಡುವಷ್ಟು ಜಾಗಕ್ಕೆ ತೇಲುವ ಬೆಂಡಿನ ಹಗ್ಗ ಕಟ್ಟಿ ಗಡಿ ಮಾಡಬಹುದು. ಹೆಂಗಸರಿಗೆ ಬಟ್ಟೆ ಬದಲಿಸುವ ಎರಡು ಕೋಣೆ, ನೀರಿರುವ ಶೌಚಾಲಯ ಕಟ್ಟಿಸಬಹುದು. ದುಡ್ಡು ಕೊಟ್ಟು ಬಳಸುತ್ತೇವೆ.

ವಿಶ್ವೇಶ್ವರಯ್ಯ ನಾಲೆಯ ಮಾತೂ ಇದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಶನಿವಾರ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಅದೇ ರಾತ್ರಿ ಅಂಬರೀಶಣ್ಣನೂ ತೀರಿಕೊಂಡರು. ಮಂಡ್ಯ ಒಂದೇ ದಿನ ಎರಡು ಸಲ ಅತ್ತಿತ್ತು. ಸಿಮೆಂಟಿನ ಇಳಿಜಾರು ಇರುವ ಕಡೆ ನಾಲೆಗೆ ಬಿದ್ದವರಿಗೆ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ, ಪಾಚಿಗೆ ಕೈ ಜಾರುತ್ತದೆ. ಅಲ್ಲಲ್ಲಿ ಮೆಟ್ಟಿಲು, ಹಿಡಿದುಕೊಳ್ಳಲು ಅಡ್ಡ ಸರಪಳಿ, ತಿರುವುಗಳಲ್ಲಿ ಗಟ್ಟಿ ತಡೆಗೋಡೆ ಇದ್ದರೆ ಬದುಕುವ ಒಂದು ಅವಕಾಶವಾದರೂ ಇರುತ್ತದೆ. ಎಲ್ಲಿ ಆಗಿದೆಯೋ ಅಲ್ಲಿ ಸಂತೋಷ, ಆಗದ ಕಡೆ ದಯವಿಟ್ಟು ಬೇಗ ಮಾಡಿಸಿ.

ಜುಲೈ 25 ಅನ್ನು ನೀರಿನಲ್ಲಿ ಮುಳುಗುವುದನ್ನು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದೆ. ಕಟ್ಟೆಗೆ ನೀರು ಏರುವ ಕಾಲವೂ ಅದೇ. ಅವತ್ತು ಜಿಲ್ಲೆಯ ಎಲ್ಲ ಶಾಲೆಗಳಲ್ಲಿ ಆ ಹುಡುಗ ನನಗೆ ಹೇಳಿಕೊಟ್ಟಂಥ ಮಾತುಗಳನ್ನು ಮಕ್ಕಳಿಗೆ ಹೇಳಿಕೊಡಿಸಿ.

ಮಗಳು ಈಗ ಹೊಳೆ ಅಂದರೆ ನನ್ನ ಸೆರಗು ಹಿಡಿದುಕೊಳ್ಳುತ್ತಾಳೆ. ಆ ಹೆದರಿಕೆ ಅವಳಲ್ಲಿ ಉಳಿಯಬಾರದು. ಬೇಸಿಗೆ ರಜೆಯಲ್ಲಿ ಅವಳಿಗೆ ಈಜು ಕಲಿಸಬೇಕು ಅಂತ ನಮ್ಮ ಯಜಮಾನರು ತೀರ್ಮಾನ ಮಾಡಿದ್ದಾರೆ. ಅವರಿಗೆ ಅವರಪ್ಪ ಬೆನ್ನಿಗೆ ಸೋರೆಬುರುಡೆ ಕಟ್ಟಿ ಕಲಿಸಿದ್ದು ಇದೇ ದಡದಲ್ಲಿ. ಏಪ್ರಿಲ್ ಬರುವಷ್ಟರಲ್ಲಿ ಅಲ್ಲಿ ಒಂದು ಹಗ್ಗ, ಒಂದು ಟ್ಯೂಬು, ವಿಷಲ್ ಹಿಡಿದ ಒಬ್ಬ ನಮ್ಮೂರ ಹುಡುಗ ಇರುವಂತೆ ಮಾಡಿಕೊಡಿ ಸರ್.

ಇಂತಿ ತಮ್ಮ ವಿಶ್ವಾಸಿ,
ಶ್ರೀರಂಗಪಟ್ಟಣ ತಾಲ್ಲೂಕಿನ ಒಬ್ಬ ತಾಯಿ