ಒಂಬತ್ತನೇ ತರಗತಿಯ ಮಾದರಿ ವಿಶ್ವಸಂಸ್ಥೆ ಅಧಿವೇಶನ: ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಮಕ್ಕಳು ಬೇರೆಬೇರೆ ದೇಶಗಳ ಪ್ರತಿನಿಧಿಗಳಾಗಿ ವಾದ ಮಂಡಿಸುವ ಮಾದರಿ ವಿಶ್ವಸಂಸ್ಥೆ ಅಧಿವೇಶನಕ್ಕೆ ಅಣ್ವಸ್ತ್ರ ನಿಶ್ಶಸ್ತ್ರೀಕರಣದ ವಿಷಯವನ್ನು ಏಕೆ ಆರಿಸಿದಿರಿ, ಈ ವಯಸ್ಸಿಗೆ ಅದು ಭಾರವಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಉತ್ತರಿಸುವುದು ನನ್ನ ಕರ್ತವ್ಯ.

ವಿಷಯ ಹುಟ್ಟಿದ್ದು ಮಕ್ಕಳಿಂದಲೇ. ಹಿರೋಶಿಮಾದ ಪಾಠ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಎಲ್ಲ ದೇಶಗಳೂ ಬಾಂಬುಗಳನ್ನು ನಾಶ ಮಾಡಿದೆವು ಎಂದರೆ ನಂಬುವುದು ಹೇಗೆ? ಯಾರಾದರೂ ಒಂದನ್ನು ಬಚ್ಚಿಟ್ಟುಕೊಂಡರೆ?" ಎಂದಳು. ನಿಶ್ಶಸ್ತ್ರೀಕರಣದ ಮಾತುಕತೆಗಳು ನಡೆಯುವ ಜಿನೀವಾದಲ್ಲಿ ರಾಜತಾಂತ್ರಿಕರು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದೂ ಈ ಪ್ರಶ್ನೆಗೇ. ಇಂಥದ್ದನ್ನು ಕೇಳಿದ ಮಗುವಿಗೆ "ನಿನಗಿನ್ನೂ ವಯಸ್ಸಾಗಿಲ್ಲ" ಎನ್ನಲು ನನಗೆ ಮನಸ್ಸಾಗಲಿಲ್ಲ.

ಭಾರತದ ನಿಲುವನ್ನು ಮಂಡಿಸುವ ತಂಡ ಎಲ್ಲಕ್ಕಿಂತ ಹೆಚ್ಚು ಓದಿದೆ. ನಿಶ್ಶಸ್ತ್ರೀಕರಣ ಜಾಗತಿಕವಾಗಿರಬೇಕು, ತಾರತಮ್ಯವಿಲ್ಲದ್ದಾಗಿರಬೇಕು, ಪರಿಶೀಲನೆಗೆ, ಅಂದರೆ ಕೊಟ್ಟ ಮಾತನ್ನು ನಿಜಕ್ಕೂ ಪಾಲಿಸಿದ್ದಾರೆಯೇ ಎಂಬ ತಪಾಸಣೆಗೆ, ಒಳಪಡುವಂತಿರಬೇಕು ಎಂಬುದು ನಮ್ಮ ದೇಶ ಹಿಂದಿನಿಂದಲೂ ಹೇಳುತ್ತ ಬಂದ ಮಾತು. 1988ರಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ವಿಶ್ವಸಂಸ್ಥೆಯ ಮುಂದಿಟ್ಟ ಯೋಜನೆ 2010ರೊಳಗೆ ಹಂತಹಂತವಾಗಿ ಅಣ್ವಸ್ತ್ರಗಳನ್ನು ಇಲ್ಲವಾಗಿಸುವಂತೆ ಕೇಳಿತ್ತು. 2017ರ ಅಣ್ವಸ್ತ್ರ ನಿಷೇಧ ಒಪ್ಪಂದದ ಮಾತುಕತೆಗೆ ಭಾರತ ಹೋಗಲಿಲ್ಲ. ಆ ಪ್ರಕ್ರಿಯೆಯಲ್ಲಿ ಪರಿಶೀಲನೆಯ ಅಂಶ ಇಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು.

ಇದು ಬರಿಯ ಮಾತಲ್ಲ ಎನ್ನಲು ಮಕ್ಕಳು ಹುಡುಕಿದ ಉದಾಹರಣೆ ನನಗೆ ಬಹಳ ಹಿಡಿಸಿತು. ತನ್ನಲ್ಲಿ ರಾಸಾಯನಿಕ ಅಸ್ತ್ರಗಳಿವೆ ಎಂದು ಭಾರತ 1997ರಲ್ಲಿ ತಾನಾಗಿ ಘೋಷಿಸಿ, ಅಂತರರಾಷ್ಟ್ರೀಯ ತಪಾಸಕರ ಎದುರಿನಲ್ಲಿ 2009ರ ಹೊತ್ತಿಗೆ ಅಷ್ಟನ್ನೂ ನಾಶ ಮಾಡಿತು. ನಮ್ಮದೇ ರಾಜ್ಯದ ಗೌರಿಬಿದನೂರಿನಲ್ಲಿ ದೂರದ ಭೂಗತ ಅಣುಸ್ಫೋಟಗಳ ಕಂಪನವನ್ನು ಗುರುತಿಸಲೆಂದು 1965ರಲ್ಲೇ ಕೇಂದ್ರ ಸ್ಥಾಪನೆಯಾಗಿದೆ ಎಂದು ತಿಳಿದಾಗಲಂತೂ ತರಗತಿಯಲ್ಲಿ ಗದ್ದಲವೇ ಎದ್ದಿತು.

ಅನನುಕೂಲದ ಸಂಗತಿಗಳನ್ನು ನಾವು ಮುಚ್ಚಿಡಲಿಲ್ಲ. ಭಾರತ 1996ರಲ್ಲಿ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದವನ್ನು ಒಪ್ಪಲಿಲ್ಲ, 1998ರಲ್ಲಿ ಪೋಖ್ರಾನ್‌ನಲ್ಲಿ ಪರೀಕ್ಷೆ ನಡೆಸಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಕರಿಗೆ ತೆರೆದಿರುವುದು ನಾಗರಿಕ ಉದ್ದೇಶದ್ದೆಂದು ಗುರುತಿಸಿದ ಸ್ಥಾವರಗಳು ಮಾತ್ರ. ಎದುರಿನ ತಂಡ ಇದನ್ನು ಎತ್ತಿಯೇ ಎತ್ತುತ್ತದೆ. ದೇಶಾಭಿಮಾನವಿರುವ ಮಗು ಆ ಪ್ರಶ್ನೆಗೆ ಸಿಟ್ಟಾಗದೆ ಉತ್ತರಿಸಲು ಕಲಿಯಬೇಕೆಂಬುದೇ ನನ್ನ ಆಸೆ.

ಇನ್ನೊಂದು ಕಷ್ಟವಿದೆ. ಸಿಡಿತಲೆಯನ್ನು, ಅಂದರೆ ಅಣ್ವಸ್ತ್ರದ ಸ್ಫೋಟಿಸುವ ಭಾಗವನ್ನು, ಬಿಚ್ಚಿ ತೋರಿಸಿದರೆ ಅದನ್ನು ಕಟ್ಟುವ ಗುಟ್ಟೂ ಹೊರಬೀಳುತ್ತದೆ. ತೋರಿಸದಿದ್ದರೆ ಯಾರೂ ನಂಬುವುದಿಲ್ಲ. ಭೌತವಿಜ್ಞಾನದ ಮೇಷ್ಟರು ಇದನ್ನು ಎರಡು ಮುಚ್ಚಿದ ಚೀಲ, ಒಂದು ತಕ್ಕಡಿಯಿಂದ ವಿವರಿಸಿದರು. ಒಳಗೇನಿದೆ, ಎಷ್ಟು ತೂಗುತ್ತದೆ ಎಂದು ಹೇಳುವಂತಿಲ್ಲ. ಎರಡೂ ಸಮವೇ ಅಲ್ಲವೇ ಎಂದಷ್ಟೇ ತಿಳಿಯಬಹುದು. ಬ್ರಿಟನ್ ಮತ್ತು ನಾರ್ವೆಯ ವಿಜ್ಞಾನಿಗಳು ಜತೆಯಾಗಿ ಪ್ರಯತ್ನಿಸಿದ ಉಪಕರಣದ ಹಿಂದಿರುವುದೂ ಇಂಥದೇ ಆಲೋಚನೆ: ರಹಸ್ಯದ ಅಳತೆಗಳನ್ನು ಒಳಗೇ ಉಳಿಸಿಕೊಂಡು ಹೌದು ಅಥವಾ ಅಲ್ಲ ಎಂದು ಮಾತ್ರ ತೋರಿಸುವುದು. ತಕ್ಕಡಿಗೂ ಮೋಸ ಮಾಡಬಹುದಲ್ಲ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ತಕ್ಕಡಿಯನ್ನು ಯಾರು ತರಬೇಕೆಂಬ ಚರ್ಚೆ ಗಂಟೆ ಹೊಡೆದರೂ ನಿಲ್ಲಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಭಾಷಣವನ್ನು ಮಕ್ಕಳೇ ಬರೆಯಲಿ, ದಯವಿಟ್ಟು ನೀವು ಬರೆದುಕೊಡಬೇಡಿ. ಕೇಳಿಸಿಕೊಂಡು, ಒಪ್ಪದ ಕಡೆ ವಾದಿಸಿ. ಹಿರೋಶಿಮಾದ ಚಿತ್ರಗಳನ್ನು ನೋಡಿ ಯಾವುದಾದರೂ ಮಗು ಕಳವಳಗೊಂಡಿದ್ದರೆ ತರಗತಿಯ ಶಿಕ್ಷಕಿಗೆ ತಿಳಿಸಿ. ಅಧಿವೇಶನ ಮುಂದಿನ ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲೆಯ ಸಭಾಂಗಣದಲ್ಲಿ. ಹಿಂದಿನ ಸಾಲುಗಳನ್ನು ನಿಮಗಾಗಿ ಕಾದಿರಿಸಿದ್ದೇವೆ. ಬರುವವರು ಇದರೊಂದಿಗಿರುವ ಚೀಟಿಗೆ ಸಹಿ ಮಾಡಿ ಬುಧವಾರದೊಳಗೆ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ